ಯಾರಿಗೆ ಒಗ್ಗುವ ಊರು?

ಮನೆ ಹುಡುಕುವವರಿಗೆ ಬುದ್ಧಿ ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ನೀರು ನೋಡಿ, ಗಾಳಿ ಬೆಳಕು ನೋಡಿ, ಬಸ್ ನಿಲ್ದಾಣ ಎಷ್ಟು ದೂರ ನೋಡಿ, ದೇವಾಲಯ ಹತ್ತಿರವಿದೆಯೇ ನೋಡಿ ಎನ್ನುತ್ತಾರೆ. ಇತ್ತೀಚೆಗೆ ಇನ್ನೊಂದು ಮಾತು ಸೇರಿಕೊಂಡಿದೆ: ನಿಮ್ಮ ಸ್ವಭಾವಕ್ಕೆ ಒಗ್ಗುವ ಜಾಗ, ಒಗ್ಗುವ ಜನ ನೋಡಿ ಎಂದು. ಮಾತೇನೋ ಸರಿ. ಆದರೆ ಒಂದೇ ಸೂರಿನಡಿ ನಾಲ್ಕು ಸ್ವಭಾವಗಳಿದ್ದರೆ ಯಾರದನ್ನು ಹಿಡಿಯುವುದು, ಯಾರದನ್ನು ಬಿಡುವುದು? ಇದಕ್ಕೆ ಯಾವ ದಲ್ಲಾಳಿಯೂ ಉತ್ತರ ಹೇಳುವುದಿಲ್ಲ.

ನಮ್ಮ ಮನೆಯ ನಾಲ್ವರ ಕಥೆ ಹೀಗಿದೆ. ನಾವಿಬ್ಬರೂ ನಿವೃತ್ತರು. ಒಬ್ಬರಿಗೆ ಮೌನ ಬೇಕು, ಓದಲು ಒಂದು ಕಿಟಕಿ ಸಾಕು. ಇನ್ನೊಬ್ಬರಿಗೆ ಸಂತೆ ಬೇಕು, ತರಕಾರಿ ಮಾರುವವಳ ಜೊತೆ ಚೌಕಾಸಿ ಮಾಡದಿದ್ದರೆ ದಿನವೇ ಮುಗಿಯದು. ಮಗಳಿಗೆ ಕೊಯಮತ್ತೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ನಾಲ್ಕನೆಯವರು ಎಪ್ಪತ್ತೆಂಟು ದಾಟಿದ ಅಮ್ಮ. ಅವರಿಗೆ ಮಾತು ಬೇಕು. ಅದೂ ಕೊಳ್ಳೇಗಾಲದ ಕನ್ನಡದಲ್ಲಿ.

ಮಗಳೊಬ್ಬಳನ್ನೇ ಬಿಡಲು ಮನಸ್ಸಾಗದೆ ನಾವೆಲ್ಲರೂ ಮೈಸೂರಿನ ಬಾಡಿಗೆ ಮನೆ ಖಾಲಿ ಮಾಡಿ ಹೊರಟೆವು. ಚಾಮರಾಜನಗರ ದಾಟಿ, ಹಾಸನೂರಿನ ಕಾಡು ಹಾಯ್ದು, ದಿಂಬಂ ಘಾಟಿನ 27 ತಿರುವುಗಳನ್ನು ಇಳಿದರೆ ಸತ್ಯಮಂಗಲ. ಅಲ್ಲಿಂದ ಮುಂದೆ ಕೊಯಮತ್ತೂರು. ಒಟ್ಟು ಸುಮಾರು 200 ಕಿಲೋಮೀಟರ್. ಕಾಡುಪ್ರಾಣಿಗಳ ಸಲುವಾಗಿ 2022ರಿಂದ ಆ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಆದ್ದರಿಂದ ಸಾಮಾನಿನ ಲಾರಿ ಬೆಳಿಗ್ಗೆಯೇ ಹೊರಟಿತು. ದಾರಿಯಲ್ಲಿ ತಾಳವಾಡಿ ಎಂಬ ಫಲಕ ಕಂಡಾಗ ಅಮ್ಮ, "ಇದು ನಮ್ಮೋರ ಸೀಮೆ ಕನಪ್ಪ" ಎಂದರು. ತಾಳವಾಡಿ ಇರುವುದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ, ಆದರೆ ಅಲ್ಲಿನ ಜನ ಬಹುಪಾಲು ಕನ್ನಡ ಮಾತನಾಡುವವರು.

ಅಮ್ಮ ಹಾಗೆ ಹೇಳಲು ಇನ್ನೂ ಒಂದು ಕಾರಣವಿದೆ. ಅವರು ಹುಟ್ಟಿದಾಗ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದ 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂತು. ಮೈಸೂರು ಜಿಲ್ಲೆಯನ್ನು ಒಡೆದು 1997ರಲ್ಲಿ ಚಾಮರಾಜನಗರ ಜಿಲ್ಲೆ ಮಾಡಿದಾಗ ಕೊಳ್ಳೇಗಾಲ ಅಲ್ಲಿಗೆ ಹೋಯಿತು. ಹುಟ್ಟಿದ ಮನೆ ಇದ್ದಲ್ಲೇ ಇದೆ, ಜಿಲ್ಲೆ ಮಾತ್ರ ಮೂರಾಯಿತು.

ಮೊದಲು ಮಗಳ ಕಚೇರಿಗೆ ಹತ್ತಿರವಾಗಲೆಂದು ಸರವಣಂಪಟ್ಟಿಯ ಬಹುಮಹಡಿ ಕಟ್ಟಡವೊಂದರಲ್ಲಿ ಮನೆ ಹಿಡಿದೆವು. ಆರನೆಯ ಮಹಡಿ, ಎರಡು ಲಿಫ್ಟ್, ಕಾವಲುಗಾರ, ಎಲ್ಲವೂ ಇತ್ತು. ನೆರೆಯವರು ಒಳ್ಳೆಯವರೇ, ಆದರೆ ಬೆಳಿಗ್ಗೆ ಎಂಟಕ್ಕೆ ಬಾಗಿಲು ಹಾಕಿಕೊಂಡು ಹೋದರೆ ರಾತ್ರಿ ಎಂಟಕ್ಕೇ ಬರುವವರು. ಮನೆ ಮುಂದಿನ ಓಣಿಯಲ್ಲಿ ಕುರ್ಚಿ ಹಾಕಿ ಕೂರಬಾರದೆಂದು ಅಲ್ಲಿನ ನಿಯಮ. ಅಮ್ಮ ಒಳಗೇ ಕೂತು ಲಿಫ್ಟಿನ ಸದ್ದು ಕೇಳಿ ಇದು ಯಾರ ಮಹಡಿಗೆ ಹೋಯಿತು ಎಂದು ಲೆಕ್ಕ ಹಾಕುತ್ತಿದ್ದರು. ಎರಡು ತಿಂಗಳಾಗುವಷ್ಟರಲ್ಲಿ ಊಟ ಕಡಿಮೆಯಾಯಿತು, ಜಪಸರ ಬೇಗ ಮುಗಿಯತೊಡಗಿತು, ಹಗಲು ನಿದ್ದೆ ಹೆಚ್ಚಾಯಿತು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಏನೂ ತೊಂದರೆಯಿಲ್ಲ ಎಂದರು. ಒಂದು ರಾತ್ರಿ ಅಮ್ಮ, "ಇಲ್ಲಿ ಮಾತಾಡೋಕೆ ಗೋಡೆ ಒಂದೇ ಕನಪ್ಪ" ಎಂದಾಗ ಮಗಳು ತಟ್ಟೆ ಬಿಟ್ಟು ಎದ್ದು ಹೋದಳು. ಅಜ್ಜಿ ಸೊರಗುತ್ತಿರುವುದು ತನ್ನ ಕೆಲಸದಿಂದ ಎಂದು ಅವಳ ಎಣಿಕೆ.

ಆಮೇಲೆ ಆರ್.ಎಸ್. ಪುರಂನಲ್ಲಿ ನಾಲ್ಕಾರು ಮನೆ ನೋಡಿದೆವು. ಮರಗಳ ಸಾಲು, ಹಳೆಯ ಬಂಗಲೆಗಳು, ನಡೆದು ಹೋಗುವಷ್ಟರಲ್ಲಿ ಅಂಗಡಿ. ಸಂತೆ ಪ್ರಿಯರಿಗೆ ಸ್ವರ್ಗ. ಬಾಡಿಗೆ ಕೇಳಿ ಹಿಂದಕ್ಕೆ ಬಂದೆವು.

ತೊಂಡಾಮುತ್ತೂರಿಗೆ ನಾವು ಹೋದದ್ದು ಮನೆ ನೋಡಲು ಅಲ್ಲ, ಬೆಟ್ಟ ನೋಡಲು. ಕೊಯಮತ್ತೂರಿನಿಂದ ಪಶ್ಚಿಮಕ್ಕೆ ಮರುದಮಲೈ ರಸ್ತೆ ಹಿಡಿದರೆ ಕೃಷಿ ವಿಶ್ವವಿದ್ಯಾಲಯದ ಹಸಿರು, ಆಮೇಲೆ ವಡವಳ್ಳಿ, ಅಲ್ಲಿಂದ ಎಡಕ್ಕೆ ಹೊರಳಿದರೆ ನಗರ ಬೇಗ ತೆಳುವಾಗುತ್ತದೆ. ತೆಂಗು, ಅಡಿಕೆ, ಬಾಳೆ, ಅರಿಶಿನ, ಸಣ್ಣ ಈರುಳ್ಳಿ, ಹೊಲದ ತುಂಬ ಕರಿಬೇವು. ನಾವು ಕರಿಬೇವನ್ನು ಹಿತ್ತಲ ಗಿಡವೆಂದೇ ತಿಳಿದವರು, ಅಲ್ಲಿ ಅದನ್ನು ಎಕರೆಗಟ್ಟಲೆ ಬೆಳೆಯುತ್ತಾರೆ. ಎದುರಿಗೆ ವೆಳ್ಳಿಯಂಗಿರಿ ಬೆಟ್ಟಸಾಲು ಗೋಡೆಯಂತೆ ನಿಂತಿದೆ. ನೊಯ್ಯಲ್ ನದಿ ಹುಟ್ಟುವುದು ಆ ಬೆಟ್ಟಗಳಲ್ಲೇ. ಪೇರೂರಿನ ಹಳೆಯ ಪಟ್ಟೀಶ್ವರರ ಗುಡಿಯ ಪಕ್ಕ ಹರಿದು, ಕೊಯಮತ್ತೂರು, ತಿರುಪ್ಪೂರು ದಾಟಿ ಕೊನೆಗೆ ಕಾವೇರಿ ಸೇರುತ್ತದೆ. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳಿಂದ ಆ ನದಿ ಪಟ್ಟ ಪಾಡು ಬೇರೆಯೇ ಕಥೆ. ಇನ್ನು ಕೊಯಮತ್ತೂರಿನವರು ಸಿರುವಾಣಿ ನೀರಿನ ರುಚಿಯನ್ನು ಹೊಗಳದ ದಿನವಿಲ್ಲ. ಆ ಜಲಾಶಯ ಇರುವುದು ಮಾತ್ರ ಬೆಟ್ಟದಾಚೆ, ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ!

ಅಲ್ಲಿಂದ ನರಸೀಪುರದ ಕಡೆಗೆ ಹೋಗುವ ಬಸ್ಸು ಕಾಯುತ್ತಾ ನಿಂತಿದ್ದೆವು. ಹೆಸರು ಕೇಳಿ ಅಮ್ಮ, "ತಿರುಮಕೂಡಲ ನರಸೀಪುರವಾ?" ಎಂದು ಕೇಳಿದ್ದೂ ಆಯಿತು. ನಿಲ್ದಾಣದಲ್ಲಿ ಇಬ್ಬರು ಹೆಂಗಸರು ಈರುಳ್ಳಿ ಮೂಟೆಯ ಕೂಲಿಯ ವಿಷಯಕ್ಕೆ ಜಗಳವಾಡುತ್ತಿದ್ದರು. ರಾಗ ತಮಿಳಿನದು. ಆದರೆ ಅಮ್ಮನ ಕತ್ತು ತಟ್ಟನೆ ತಿರುಗಿತು. ಮಾತು ಕನ್ನಡ! ಅಮ್ಮ ಹತ್ತಿರ ಹೋಗಿ, "ಯಾಕ್ರವ್ವಾ ಜಗಳ?" ಎಂದು ಕೇಳಿದರು. ಇಬ್ಬರೂ ಜಗಳ ಮರೆತು ಅಮ್ಮನನ್ನು ನೋಡತೊಡಗಿದರು. ಆ ಬಸ್ಸು ಹೋಯಿತು, ಮುಂದಿನದೂ ಹೋಯಿತು.

ಅವರು ಒಕ್ಕಲಿಗ ಗೌಡರು. ಈ ಸೀಮೆಯಲ್ಲಿ ಹೆಚ್ಚಾಗಿರುವ, ತಮಿಳು ಮಾತೃಭಾಷೆಯ ಕೊಂಗು ವೇಳಾಳ ಗೌಂಡರರಿಂದ ಬೇರೆಯವರು. ಶತಮಾನಗಳ ಹಿಂದೆ ಯಾವುದೋ ಅರಸನ ಕಾಟ ತಾಳಲಾರದೆ ಕನ್ನಡ ನಾಡು ಬಿಟ್ಟು ಬಂದೆವೆಂದು ಹಿರಿಯರು ಹೇಳುತ್ತಾರೆ. ಇಂಥ ಒಕ್ಕಲಿಗರು ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲೂ ಇದ್ದಾರೆ. ಕೊಯಮತ್ತೂರು ಪೇಟೆಯಲ್ಲಿ ಕನ್ನಡ ಮಾತನಾಡುವ ದೇವಾಂಗ ನೇಕಾರರೂ ಇದ್ದಾರೆ. ಯಾರೂ ಅವರಿಗೆ ಕನ್ನಡ ಶಾಲೆ ಕಟ್ಟಿಕೊಡಲಿಲ್ಲ. ಓದು ಬರಹವೆಲ್ಲ ತಮಿಳು, ಅಕ್ಷರ ತಮಿಳು, ಮನೆಯೊಳಗಿನ ಮಾತು ಮಾತ್ರ ಕನ್ನಡ. ತಮಿಳನ್ನು ಪರಭಾಷೆಯೆಂದು ಅವರು ಎಣಿಸುವುದೂ ಇಲ್ಲ.

ನಮ್ಮ ಕೊಳ್ಳೇಗಾಲದ ಕಡೆ ಇದೇ ಚಿತ್ರ ತಿರುಗುಮುರುಗಾಗಿದೆ. ಮಾರ್ಟಳ್ಳಿಯ ಕಥೋಲಿಕರು ಕರ್ನಾಟಕದಲ್ಲಿದ್ದರೂ ಮನೆಯಲ್ಲಿ ತಮಿಳು ಮಾತನಾಡುತ್ತಾರೆ. ಪೂಜೆಯ ಭಾಷೆಯ ವಿಷಯವಾಗಿ ಬೆಂಗಳೂರಿನಲ್ಲಿ ಎಷ್ಟೆಲ್ಲ ಮನಸ್ತಾಪಗಳಾದವೆಂದು ಬಲ್ಲ ನಮಗೆ, ಈರುಳ್ಳಿ ಮೂಟೆಯ ಪಕ್ಕ ನಿಂತು ಎರಡು ಭಾಷೆಯಲ್ಲಿ ಜಗಳವಾಡಿ ಒಂದರಲ್ಲಿ ರಾಜಿಯಾಗುವ ಆ ಹೆಂಗಸರು ಬಹಳ ಹಿಡಿಸಿದರು.

ಆ ಇಬ್ಬರಲ್ಲಿ ಒಬ್ಬರ ಸಂಬಂಧಿಕರ ಮನೆಯೇ ಖಾಲಿಯಿತ್ತು. ಹೆಂಚಿನ ಮನೆ, ಮುಂದೆ ಜಗಲಿ, ಹಿಂದೆ ಆರು ತೆಂಗಿನಮರ. ಬಾಡಿಗೆ ಸರವಣಂಪಟ್ಟಿಯ ಅರ್ಧಕ್ಕಿಂತ ಕಡಿಮೆ. ನಾವು ಅಡ್ವಾನ್ಸ್ ಕೊಡಲು ಅವಸರ ಮಾಡಲಿಲ್ಲ. ಮೂರು ಸಲ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ನೋಡಿದೆವು. ಮನೆ ಹುಡುಕುವ ಯಾರಿಗೂ ನಾವು ಕೊಡುವ ಸಲಹೆ ಇದೊಂದೇ. ಭಾನುವಾರ ಸಂಜೆ ಎಲ್ಲ ಊರೂ ಚೆನ್ನಾಗಿಯೇ ಕಾಣುತ್ತದೆ. ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಬೀದಿಯಲ್ಲಿ ಯಾರಿದ್ದಾರೆ? ಅದು ಗೊತ್ತಾಗಬೇಕು. ಏಕೆಂದರೆ ಮನೆಯಲ್ಲೇ ಉಳಿಯುವವರ ಪಾಲಿಗೆ ಊರು ಎಂದರೆ ಆ ಎರಡು ಗಂಟೆಯ ಊರು. ನಾವು ಹೋದ ಮಧ್ಯಾಹ್ನ ಪಕ್ಕದ ಜಗಲಿಯಲ್ಲಿ ಮೂವರು ಅಜ್ಜಿಯರು ಹುಣಸೆಹಣ್ಣು ಬಿಡಿಸುತ್ತಿದ್ದರು. ಮಾತನಾಡಿಸಿದ್ದು ಅವರೇ ಮೊದಲು. "ಏನುಂಗ" ಎಂದು ಕೊಂಗು ತಮಿಳಿನ ಮರ್ಯಾದೆಯಿಂದ ಶುರುವಾಗಿ, ಅಮ್ಮ ಬಾಯಿ ತೆರೆದೊಡನೆ ಕನ್ನಡಕ್ಕೆ ಹೊರಳಿತು.

ಮೂರನೆಯ ಸಲ ರಾತ್ರಿ ಹೋದೆವು. ಎಂಟು ಗಂಟೆಗೆಲ್ಲ ಬೀದಿ ನಿರ್ಜನ. ಆನೆಯ ಭಯ. ಬೋಳುವಾಂಪಟ್ಟಿ ಕಾಡಿನ ಅಂಚಿನ ಈ ಹಳ್ಳಿಗಳ ತೋಟಗಳಿಗೆ ಕಾಡಾನೆ ಬರುವುದು ಹೊಸದಲ್ಲ. ಬಾಳೆ, ತೆಂಗು ಮುರಿಯುತ್ತವೆ, ಅಕ್ಕಿಯ ವಾಸನೆ ಹಿಡಿದು ಮನೆಗೂ ನುಗ್ಗುತ್ತವೆ, ಜನರ ಪ್ರಾಣವೂ ಹೋಗಿದೆ. ಕತ್ತಲಾದ ಮೇಲೆ ಹಿತ್ತಲಿಗೆ ಹೋಗಬೇಡಿ, ಹಣ್ಣಾದ ಹಲಸು ಅಂಗಳದಲ್ಲಿ ಇಡಬೇಡಿ, ದನದ ಹಿಂಡಿ ಹೊರಗಿಡಬೇಡಿ ಎಂದು ಮನೆಯೊಡತಿ ಒಂದೊಂದಾಗಿ ಹೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಅಮ್ಮ ಮಾತ್ರ, "ನಮ್ ಬೆಟ್ಟದ್ ಕಡೇನೂ ಬರ್ತಿದ್ವು" ಎಂದು ನೆಂಟರ ಸುದ್ದಿಯಂತೆ ಹೇಳಿಬಿಟ್ಟರು.

ಇನ್ನೂ ಕೆಲವು ತೊಡಕುಗಳಿವೆ, ಮುಚ್ಚಿಟ್ಟು ಏನು ಪ್ರಯೋಜನ? ವೆಳ್ಳಿಯಂಗಿರಿ ತಪ್ಪಲಲ್ಲಿ ಈಶಾ ಯೋಗ ಕೇಂದ್ರವಿದೆ. ಅಲ್ಲಿ 112 ಅಡಿಯ ಆದಿಯೋಗಿ ಮೂರ್ತಿಯನ್ನು 2017ರಲ್ಲಿ ಅನಾವರಣ ಮಾಡಲಾಯಿತು. ಶಿವರಾತ್ರಿಯ ಹೊತ್ತಿಗೆ ಈ ಭಾಗದ ರಸ್ತೆಗಳಲ್ಲಿ ವಾಹನ ಸಾಗುವುದೇ ಕಷ್ಟ. ಹೊಲಗಳು ನಿವೇಶನಗಳಾಗುತ್ತಿವೆ, ಈಗಿರುವ ಮೌನ ಹತ್ತು ವರ್ಷ ಉಳಿಯುತ್ತದೆಂದು ಹೇಳಲಾಗದು. ಎಲ್ಲಕ್ಕಿಂತ ದೊಡ್ಡದು ಮಗಳ ದಾರಿ. ತೊಂಡಾಮುತ್ತೂರು ನಗರದ ಒಂದು ತುದಿಗೆ, ಸರವಣಂಪಟ್ಟಿ ಇನ್ನೊಂದು ತುದಿಗೆ. ಇಡೀ ಕೊಯಮತ್ತೂರನ್ನು ಸೀಳಿಕೊಂಡು ಹೋಗಬೇಕು. ಯಾರಿಗಾಗಿ ಊರು ಬಿಟ್ಟು ಬಂದೆವೋ ಅವಳಿಗೇ ಈ ಮನೆ ದೂರ!

ಎರಡು ವಾರ ಇದೇ ಚರ್ಚೆ. ಕೊನೆಗೆ ಮಗಳೇ ಒಂದು ಕಾಗದ ತೆಗೆದುಕೊಂಡು, ವಾರದ 168 ಗಂಟೆಗಳಲ್ಲಿ ಯಾರು ಎಷ್ಟು ಹೊತ್ತು ಎಚ್ಚರವಾಗಿ ಮನೆಯಲ್ಲಿರುತ್ತಾರೆ ಎಂದು ಬರೆದಳು. ಅವಳ ಲೆಕ್ಕ ಎಲ್ಲರಿಗಿಂತ ಚಿಕ್ಕದು, ಅಜ್ಜಿಯದು ನೂರು ದಾಟಿತ್ತು. "ಹೆಚ್ಚು ಹೊತ್ತು ಇರುವವರು ಆರಿಸಲಿ" ಎಂದಳು. ಕಚೇರಿಗೆ ವಾರಕ್ಕೆ ಮೂರು ದಿನ ಹೋದರೆ ಸಾಕು, ಆ ಎರಡು ರಾತ್ರಿ ಮಹಿಳಾ ಹಾಸ್ಟೆಲಿನಲ್ಲಿ, ಉಳಿದದ್ದು ಇಲ್ಲಿ ಎಂದು ಅವಳೇ ಗೊತ್ತುಮಾಡಿಕೊಂಡಳು. ಆ ಎರಡು ರಾತ್ರಿ ಊಟದ ಹೊತ್ತಿಗೆ ನಮಗೆ ಈಗಲೂ ಕಸಿವಿಸಿ.

ಭಾನುವಾರದ ಬಲಿಪೂಜೆಗೆ ಕೊಯಮತ್ತೂರಿಗೆ, ಪವಿತ್ರ ಮಿಕೇಲರ ಪ್ರಧಾನಾಲಯಕ್ಕೆ ಹೋಗುತ್ತೇವೆ. ಪೂಜೆ ತಮಿಳಿನಲ್ಲಿ. ಅಮ್ಮ ಕನ್ನಡದಲ್ಲೇ ಉತ್ತರ ಕೊಡುತ್ತಾರೆ, ಸ್ವಲ್ಪ ಗಟ್ಟಿಯಾಗಿ. ಮುಂದಿನ ಸಾಲಿನವರು ಮೊದಮೊದಲು ತಿರುಗಿ ನೋಡುತ್ತಿದ್ದರು, ಈಗ ಇಲ್ಲ. ಮೈಸೂರು, ಕೊಯಮತ್ತೂರು ಎರಡೂ 1850ರಲ್ಲಿ ಪಾಂಡಿಚೇರಿಯಿಂದ ಬೇರ್ಪಟ್ಟು, 1886ರಲ್ಲಿ ಒಟ್ಟಿಗೇ ಧರ್ಮಕ್ಷೇತ್ರಗಳಾದವು. ಹಾಗೆ ನೋಡಿದರೆ ಅಮ್ಮ ಬಂದಿರುವುದು ತಂಗಿಯ ಮನೆಗೆ. ಧರ್ಮಸಭೆಯ ಕಾನೂನಿನಲ್ಲಿ ಧರ್ಮಕೇಂದ್ರವೆಂದರೆ ಸಾಮಾನ್ಯವಾಗಿ ಒಂದು ಎಲ್ಲೆಯೊಳಗಿನ ವಿಶ್ವಾಸಿಗಳೆಲ್ಲರೂ. ಸ್ವಭಾವ ನೋಡಿ ಆರಿಸಿದ ಕೂಟ ಅಲ್ಲ. 'ಪ್ಯಾರಿಷ್' ಎಂಬ ಪದದ ಗ್ರೀಕ್ ಮೂಲಕ್ಕೆ ಪರಸ್ಥಳದಲ್ಲಿ ತಂಗಿರುವುದು ಎಂಬ ಅರ್ಥವೂ ಇದೆಯಂತೆ. ನಮ್ಮಲ್ಲಿ ಓದುವ ಕಿಟಕಿಯವರಿಗೆ ಇದು ಬಹಳ ಇಷ್ಟವಾಯಿತು. ಸಂತೆಯವರಿಗೆ ಬಸ್ಸಿನ ವಿಷಯವೇ ಹೆಚ್ಚು ಇಷ್ಟ. ತಮಿಳುನಾಡಿನಲ್ಲಿ ಸಾಮಾನ್ಯ ನಗರ ಬಸ್ಸುಗಳಲ್ಲಿ 2021ರಿಂದ ಹೆಂಗಸರಿಗೆ ಟಿಕೆಟ್ ಹಣವಿಲ್ಲ, ನಮ್ಮ ಶಕ್ತಿ ಯೋಜನೆಗಿಂತ ಎರಡು ವರ್ಷ ಮೊದಲೇ. ಅಮ್ಮ ಪಕ್ಕದ ಮನೆಯ ಅಜ್ಜಿಯ ಜೊತೆ ಪೇರೂರಿನವರೆಗೆ ಹೋಗಿ ವೀಳ್ಯದೆಲೆ ತಂದದ್ದು ನಮಗೆ ಗೊತ್ತಾದದ್ದು ಮರುದಿನ.

ಜಗಲಿಯಲ್ಲಿ ಎಲ್ಲವೂ ಸಲೀಸಾಗಿಲ್ಲ. ಅವರ ಕನ್ನಡ ಅಮ್ಮನಿಗೆ ಅರ್ಧ ಅರ್ಥವಾಗದ ದಿನಗಳಿವೆ. ಒಮ್ಮೆ ಹಪ್ಪಳದ ಹಿಟ್ಟಿನ ವಿಷಯಕ್ಕೆ ಮಾತು ಬಿಟ್ಟು ಒಂದು ವಾರ ಒಳಗೇ ಕೂತರು. ಆ ವಾರವೂ ಅವರ ಊಟ ಕಡಿಮೆಯಾಗಲಿಲ್ಲ. ಜಗಳಕ್ಕೆ ಜನ ಇದ್ದರಲ್ಲ!

ಕಳೆದ ತಿಂಗಳು ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿದು ಎರಡನೆಯದನ್ನು ಬರೆಸಿದೆವು. ಈ ಸಲ ಮನೆಯಲ್ಲಿರುವ ಎಲ್ಲರ ಹೆಸರು, ಹುಟ್ಟಿದ ಊರು ಬೇಕೆಂದು ಬರೆಯುವವರು ಕೇಳಿದರು. ಅಮ್ಮ ಜಗಲಿಯಿಂದಲೇ ಕೂಗಿ ಹೇಳಿದರು: "ಕೊಳ್ಳೇಗಾಲ. ಕೊಯಮತ್ತೂರು ಜಿಲ್ಲೆ." ಆತ ಪೆನ್ನು ಎತ್ತಿ ನಮ್ಮ ಮುಖ ನೋಡಿದ. ನಾವು ಚಾಮರಾಜನಗರ ಎನ್ನುವುದರೊಳಗೆ ಮನೆಯೊಡತಿ, "ಅವರು ಹೇಳಿದ ಹಾಗೇ ಬರಿಯಪ್ಪಾ" ಎಂದರು.