ದುರ್ಗದ ಬೈಲಿನ ರಾತ್ರಿ ಪಾಳಿ

ಕತ್ತಲಾದ ಮೇಲೆ ಮನೆಯ ಹೊರಗೆ ಉಣ್ಣುವುದನ್ನು ನಮ್ಮ ಹಿರಿಯರು ಮೆಚ್ಚುತ್ತಿರಲಿಲ್ಲ. ಧುಪದಾಳದಂಥ ಊರುಗಳಲ್ಲಿ ಆ ಭಾವನೆ ಇಂದಿಗೂ ಉಳಿದಿದೆ. ಘಟಪ್ರಭೆಯ ಒಡ್ಡಿನ ಬಳಿ ಹಕ್ಕಿಗಳು ಗೂಡು ಸೇರುವ ಹೊತ್ತಿಗೆ ಮನುಷ್ಯರೂ ಮನೆ ಸೇರಿರಬೇಕು. ಪಟ್ಟಣದ ರಾತ್ರಿ ಎಂದೊಡನೆ ಕುಡಿತ, ಜಗಳ, ದುಂದುವೆಚ್ಚಗಳೇ ನಮ್ಮ ನೆನಪಿಗೆ ಬರುತ್ತವೆ.

ಇಲ್ಲಿಯ ಒಂದು ಕುಟುಂಬದಲ್ಲಿ ಇದೇ ಭಾವನೆ ಮದುವೆಯ ಮಾತುಕತೆಯನ್ನು ತಡೆದು ನಿಲ್ಲಿಸಿತು. ಹುಡುಗ ಹುಬ್ಬಳ್ಳಿಯವನು, ದುರ್ಗದ ಬೈಲಿನಲ್ಲಿ ಗಿರಮಿಟ್ಟು, ಮಿರ್ಚಿಯ ಗಾಡಿ ಇಟ್ಟಿದ್ದಾನೆ. “ನಡುರಾತ್ರಿ ತನಕ ಬೀದ್ಯಾಗ ನಿಲ್ಲಾವಗ ಹುಡುಗೀನ ಹೆಂಗ ಕೊಡೂದ್ರೀ ಫಾದರ್?” ಎಂದು ತಾಯಿ ಕೇಳಿದರು. ಬೇರೊಂದು ಕೆಲಸಕ್ಕಾಗಿ ಹುಬ್ಬಳ್ಳಿಗೆ ಹೋದಾಗ ಒಂದು ಸಂಜೆಯನ್ನು ನಾನು ಅಲ್ಲಿಯೇ ಕಳೆದೆ.

ದುರ್ಗವೆಂದರೆ ಕೋಟೆ, ಬೈಲು ಎಂದರೆ ಬಯಲು. ಸವಣೂರ ನವಾಬರ ಕಾಲದಲ್ಲಿ ಬಸಪ್ಪ ಶೆಟ್ಟರೆಂಬ ವ್ಯಾಪಾರಿ ಈ ಕೋಟೆಬಯಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದರು. ಆ ಹೊಸ ಊರೇ ಈಗ ನಗರದ ಹಳೆಯ ಪೇಟೆ. ಅದಕ್ಕೂ ಮೊದಲೇ ಹುಬ್ಬಳ್ಳಿ ಹತ್ತಿ, ಬಟ್ಟೆಗಳ ವ್ಯಾಪಾರಕ್ಕೆ ಹೆಸರಾಗಿತ್ತು. 1673ರಲ್ಲಿ ಶಿವಾಜಿಯ ದಂಡು ಊರನ್ನು ಲೂಟಿ ಮಾಡಿದಾಗ ಇಂಗ್ಲಿಷರ ಕೋಠಿಯೂ ಇಲ್ಲಿತ್ತು.

ಸಂಜೆಯಾಗುತ್ತಲೇ ಗಾಡಿಗಳ ದೀಪಗಳು ಹೊತ್ತಿಕೊಂಡವು. ಗಿರಮಿಟ್ಟು ನೋಡುವುದಕ್ಕೆ ಸುಲಭದ ತಿಂಡಿ. ಆದರೆ ಈರುಳ್ಳಿ, ಹಸಿಮೆಣಸಿನಕಾಯಿಗಳ ಒಗ್ಗರಣೆಗೆ ಹುಣಸೆಹುಳಿ, ಬೆಲ್ಲ ಹಾಕಿ ಕುದಿಸಿದ ಗೊಜ್ಜು ಮೊದಲೇ ಸಿದ್ಧವಾಗಿರಬೇಕು. ಗಿರಾಕಿ ಎದುರು ನಿಂತ ಮೇಲೆಯೇ ಅದನ್ನು ಚುರುಮುರಿಗೆ ಕಲಸಿ, ಪುಟಾಣಿ ಹಿಟ್ಟು ಉದುರಿಸಬೇಕು. ತುಸು ತಡವಾದರೂ ಚುರುಮುರಿ ಮೆತ್ತಗಾಗುತ್ತದೆ. ಆ ಯುವಕ ಮಧ್ಯಾಹ್ನದಿಂದಲೇ ಈರುಳ್ಳಿ ಹೆಚ್ಚಲು ಕುಳಿತಿದ್ದನಂತೆ. ಮಕ್ಕಳನ್ನು ಕರೆತಂದ ತಾಯಂದಿರು, ಅಂಗಡಿ ಮುಚ್ಚಿ ಬಂದ ಕೆಲಸಗಾರರು, ಕಾಲೇಜಿನ ಹುಡುಗಿಯರು ಒಂದೇ ಗಾಡಿಯ ಸುತ್ತ ನಿಂತು ತಿನ್ನುತ್ತಿದ್ದರು. ಕುಡಿದವರು ಒಬ್ಬರೂ ಇರಲಿಲ್ಲವೆನ್ನಲಾರೆ, ಇಬ್ಬರನ್ನು ಕಂಡೆ. ಹಗಲಿನಲ್ಲಿ ಅದಕ್ಕಿಂತ ಹೆಚ್ಚು ಜನರನ್ನು ಕಂಡಿದ್ದೇನೆ. ಗಿರಾಕಿಗಳೆಲ್ಲ ಹೋದ ಮೇಲೆ ಆತ ಬಾಣಲೆ ತಿಕ್ಕಿ, ನೆಲ ಗುಡಿಸಿ, ನಿಂತುಕೊಂಡೇ ಎರಡು ರೊಟ್ಟಿ ತಿಂದ. ನಮಗೆ ವಿಹಾರವಾಗಿ ಕಾಣುವ ಆ ರಾತ್ರಿ ಅವನಿಗೆ ಒಂದು ಪಾಳಿ.

ಮರಳಿ ಬಂದು ಆ ತಾಯಿಗೆ ಅವರ ಮಾವನವರನ್ನು ನೆನಪಿಸಿದೆ. ಗೋಕಾಕ ಫಾಲ್ಸ್‌ನಲ್ಲಿ 1880ರ ದಶಕದಲ್ಲಿ ಆರಂಭವಾದ ನೂಲಿನ ಗಿರಣಿಯಲ್ಲಿ ಅವರು ರಾತ್ರಿ ಪಾಳಿ ಮಾಡಿದವರು.

“ಅದು ಮಿಲ್ಲು ಫಾದರ್, ತಿಂಗಳಾ ಪಗಾರ ಬರ್ತಿತ್ತು. ಇದು ಗಾಡಿ. ಮಳಿ ಬಂದ ದಿನಾ ಏನ್ ಮಾಡೂದ್ರೀ?”

ಅವರ ನಿಜವಾದ ಅಂಜಿಕೆ ಇದೇ ಆಗಿತ್ತು, ಅದು ನ್ಯಾಯವಾದದ್ದೂ ಹೌದು. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸಲು 2014ರಲ್ಲಿ ಕಾಯ್ದೆ ಬಂದಿದೆ. ಅದರಂತೆ ವ್ಯಾಪಾರದ ಪ್ರಮಾಣಪತ್ರ ಕೊಡಬೇಕು. 2020ರಲ್ಲಿ ಅವರಿಗಾಗಿ ಸಾಲದ ಯೋಜನೆಯೊಂದು ಆರಂಭವಾಗಿ, ಮೊದಲ ಕಂತಾಗಿ 10,000 ರೂಪಾಯಿವರೆಗೆ ಸಿಕ್ಕಿತು. ಆದರೆ ಮಳೆಗಾಲದ ಸಂಜೆಗಳಿಗೆ ಪಗಾರ ಕೊಡುವ ಕಾಯ್ದೆ ಯಾವುದೂ ಇಲ್ಲ. ಹುಡುಗನ ಬಳಿ ಪ್ರಮಾಣಪತ್ರವಿದೆಯೇ, ಕೈಸಾಲವೆಷ್ಟು ಎಂದು ಕೇಳಿರೆಂದೆ. ಎಷ್ಟು ಗಂಟೆಗೆ ಮನೆಗೆ ಬರುತ್ತಾನೆ ಎಂಬುದು ಆಮೇಲಿನ ಮಾತು.

ಅಷ್ಟರವರೆಗೆ ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ನಾನೇ ಕೇಳಿದೆ. “ಈರುಳ್ಳಿ ಹೆಚ್ಚಾಕ ನನಗೂ ಬರ್ತದ್ರೀ” ಎಂದಳು. ಮರುವಾರ ಅವಳ ತಂದೆ ಘಟಪ್ರಭಾ ನಿಲ್ದಾಣದಲ್ಲಿ ಹುಬ್ಬಳ್ಳಿಯ ರೈಲು ಹತ್ತಿದರು.