ರಸ್ತೆ ಯಾರದು? ಕೊಚ್ಚಿಯಿಂದ ತಿರುವನಂತಪುರದವರೆಗೆ

ರಜೆಗೆ ಕೊಚ್ಚಿಗೆ ಹೊರಡುವ ನಮ್ಮವರ ಪಟ್ಟಿಯಲ್ಲಿ ಚೀನಿ ಬಲೆ, ಯಹೂದಿಗಳ ಸಿನಗಾಗ್, ಮೀನೂಟ ಇದ್ದೇ ಇರುತ್ತವೆ. ಮಟ್ಟಾಂಚೇರಿಯ ಕಾಪ್ಪಿರಿ ಮುತ್ತಪ್ಪನ್ ಗುಡಿಯನ್ನೂ ಅದಕ್ಕೆ ಸೇರಿಸಿಕೊಳ್ಳಿ.

ಕಾಪ್ಪಿರಿ ಎಂದರೆ ಆಫ್ರಿಕಾದವನು. ಪೋರ್ಚುಗೀಸರು ಅಲ್ಲಿಂದ ಜನರನ್ನು ಗುಲಾಮರಾಗಿ ಕೊಚ್ಚಿಗೆ ತಂದಿದ್ದರು. 1663ರಲ್ಲಿ ಡಚ್ಚರು ಕೊಚ್ಚಿಯನ್ನು ಗೆದ್ದಾಗ, ಓಡಿಹೋಗುವ ಧಣಿಗಳು ನಿಧಿ ಹೂತು, ಅದರ ಕಾವಲಿಗೆಂದು ಗುಲಾಮರನ್ನೂ ಕೊಂದು ಹೂತರೆಂದು ಊರವರು ಹೇಳುತ್ತಾರೆ. ಆ ಆತ್ಮಕ್ಕೆ ಇಂದಿಗೂ ಮೇಣದಬತ್ತಿ ಹಚ್ಚಿ, ಕಳ್ಳು, ಚುಟ್ಟ ಇಡುತ್ತಾರೆ. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಜರೂ ಆಫ್ರಿಕಾದವರೇ. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಷ್ಟೇ.

ಮಟ್ಟಾಂಚೇರಿಯಿಂದ ಎರ್ನಾಕುಲಂ ಕಡೆಗೆ ಬಂದು ಮರೀನ್ ಡ್ರೈವ್‌ನಲ್ಲಿ ನಿಂತರೆ ಎದುರಿಗೆ ಹಿನ್ನೀರು. 1913ರಲ್ಲಿ ಪುಲಯರಿಗೆ ನೆಲದ ಮೇಲೆ ಸಭೆ ಸೇರುವ ಹಾಗಿರಲಿಲ್ಲ. ಪಂಡಿತ್ ಕರುಪ್ಪನ್, ಕೃಷ್ಣಾದಿ ಆಶಾನ್ ಮೊದಲಾದವರು ಈ ಹಿನ್ನೀರಿನಲ್ಲಿ ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಅದರ ಮೇಲೆಯೇ ಸಭೆ ನಡೆಸಿದರು. ನೀರಿನ ಮೇಲೆ ಸೇರಬಾರದೆಂಬ ಅಪ್ಪಣೆ ಯಾರೂ ಹೊರಡಿಸಿರಲಿಲ್ಲ!

ಅಲ್ಲಿಂದ ರೈಲಿನಲ್ಲಿ ದಕ್ಷಿಣಕ್ಕೆ ಸುಮಾರು 200 ಕಿ.ಮೀ. ಹೋದರೆ ತಿರುವನಂತಪುರ. ಇದರ ಹತ್ತಿರದ ವೆಂಙಾನೂರಿನ ಅಯ್ಯಂಕಾಳಿ (1863–1941) ಅಕ್ಷರ ಕಲಿತವರಲ್ಲ. 1893ರಲ್ಲಿ ಅವರು ಒಂದು ಎತ್ತಿನ ಗಾಡಿ ಕೊಂಡು, ಪೇಟ ಸುತ್ತಿ, ಎತ್ತುಗಳ ಕೊರಳಿಗೆ ಗಂಟೆ ಕಟ್ಟಿ, ಪುಲಯರು ಕಾಲಿಡಬಾರದ ರಸ್ತೆಯಲ್ಲಿ ಹೊರಟೇಬಿಟ್ಟರು. 1907ರಲ್ಲಿ ಸಾಧುಜನ ಪರಿಪಾಲನ ಸಂಘ ಕಟ್ಟಿದರು. ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳದಿದ್ದರೆ ಗದ್ದೆಗೆ ಇಳಿಯುವುದಿಲ್ಲವೆಂದು ಕೂಲಿಕಾರರು ಮುಷ್ಕರ ಹೂಡಿದರು. ಪಂಚಮಿ ಎಂಬ ಹುಡುಗಿಯನ್ನು ಅಯ್ಯಂಕಾಳಿ ಊರೂಟ್ಟಂಬಲಂ ಶಾಲೆಗೆ ಕರೆದೊಯ್ದಾಗ ಶಾಲೆಗೇ ಬೆಂಕಿ ಬಿತ್ತು. ಸುಟ್ಟು ಉಳಿದ ಬೆಂಚನ್ನು ಅಲ್ಲಿ ಇಂದಿಗೂ ಕಾಪಾಡಿಕೊಂಡಿದ್ದಾರೆ.

ಅಮೆರಿಕದ ಮಾಂಟ್ಗೊಮರಿಯಲ್ಲಿ ಕರಿಯರು 381 ದಿನ ಬಸ್ ಹತ್ತದೆ ಹೋರಾಡಿದ್ದು 1955–56ರಲ್ಲಿ. ಅದರ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ತಿರುವನಂತಪುರಕ್ಕೆ ಬಂದರು. ಇಲ್ಲಿನ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಮಕ್ಕಳಿಗೆ ಅವರನ್ನು ಅಮೆರಿಕದಿಂದ ಬಂದ ನಿಮ್ಮಂಥದೇ ಅಸ್ಪೃಶ್ಯರು ಎಂದು ಪರಿಚಯಿಸಿದರಂತೆ. ಮೊದಲು ತಮಗೆ ಕಸಿವಿಸಿಯಾಯಿತು, ಆಮೇಲೆ ತಮ್ಮ ದೇಶದ ಎರಡು ಕೋಟಿ ಕರಿಯರ ಪಾಡು ನೆನೆದು, ಹೌದು, ನಾನೂ ಅಸ್ಪೃಶ್ಯನೇ ಎಂದುಕೊಂಡೆ ಎಂದು ಕಿಂಗ್ 1965ರ ಒಂದು ಪ್ರವಚನದಲ್ಲಿ ಹೇಳಿಕೊಂಡಿದ್ದಾರೆ.

ಗಾಂಧಿಯ ನಾಡೆಂದು ಭಕ್ತಿಯಿಂದ ಬಂದ ಅತಿಥಿಗೆ ತನ್ನ ಊರಿನ ಅವಮಾನ ಇನ್ನೊಮ್ಮೆ ಸ್ಪಷ್ಟವಾದದ್ದು ನಮ್ಮ ಅಸ್ಪೃಶ್ಯತೆಯ ಹೆಸರಿನಲ್ಲಿ. ಇದು ನಾವು ಹೆಮ್ಮೆಪಡುವ ಸಂಗತಿಯೇನಲ್ಲ. ಅಮೆರಿಕದ ವರ್ಣಭೇದದ ಸುದ್ದಿ ಓದಿ ಮರುಗುವ ನಾವು, ಮಹಾನಗರಗಳಲ್ಲಿ ಬಾಡಿಗೆ ಮನೆ ಕೊಡುವ ಮುನ್ನ ಜಾತಿ ಕೇಳುವುದನ್ನು ಇನ್ನೂ ಬಿಟ್ಟಿಲ್ಲ.

ತಿರುವನಂತಪುರದ ವೆಳ್ಳಯಂಬಲಂ ಸರ್ಕಲ್‌ನಲ್ಲಿ ಅಯ್ಯಂಕಾಳಿಯವರ ಪ್ರತಿಮೆಯಿದೆ. 1980ರಲ್ಲಿ ಇಂದಿರಾ ಗಾಂಧಿ ಅನಾವರಣ ಮಾಡಿದ್ದು. ಮ್ಯೂಸಿಯಂ ನೋಡಲು ಹೋದಾಗ ಅಲ್ಲಿಯವರೆಗೂ ನಡೆದು ಬನ್ನಿ, ದೂರವೇನಿಲ್ಲ.