ಗುಹೆಯ ಬಾಯಲ್ಲಿ ಸತ್ತವರು

ಸ್ಪೆರ್ಲೋಂಗಾ ಅಂದರೆ ಗುಹೆ, ಅಷ್ಟೇ. ಲ್ಯಾಟಿನ್ನಿನಲ್ಲಿ ಗುಹೆಗೆ ‘ಸ್ಪೆಲುಂಕಾ’ ಅನ್ನುತ್ತಿದ್ದರು. ಜನರ ಬಾಯಲ್ಲಿ ಸವೆದು ಸವೆದು ಅದು ಸ್ಪೆರ್ಲೋಂಗಾ ಆಯಿತು. ಇಟಲಿಯಲ್ಲಿ ರೋಮಿಗೂ ನೇಪಲ್ಸಿಗೂ ನಡುವೆ, ಕಡಲಿಗೆ ಚಾಚಿದ ಬಂಡೆಯ ಮೇಲೆ ಕೂತಿರುವ ಊರು ಇದು. ಬಿಳೀ ಮನೆಗಳು, ಕಮಾನುಗಳು, ಮೆಟ್ಟಿಲುಗಳು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದ ಓಣಿಗಳು. ಇಟಲಿಯ ಚೆಂದದ ಹಳ್ಳಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಜನ ಬರುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಮೀನು ತಿನ್ನುತ್ತಾರೆ, ಹೋಗುತ್ತಾರೆ. ನಾವೂ ಹೋಗಿದ್ದೆವು. ಆದರೆ ನಮ್ಮ ಕಣ್ಣು ಹುಡುಕಿದ್ದೇ ಬೇರೆ. ಅದನ್ನು ಹೇಳಬೇಕು.

ನಾವು ಎಂದರೆ ಇಬ್ಬರು. ಒಂದೇ ತಾಲ್ಲೂಕಿನ ಎರಡು ಕೇರಿಗಳವರು. ನಮ್ಮಪ್ಪಂದಿರು ಹೆಬ್ಬೆಟ್ಟು ಒತ್ತಿದವರು. ನಾವು ಡಿಗ್ರಿ ಮುಗಿಸಿ, ನಾಲ್ಕು ಪದ್ಯ ಬರೆದು, ಸರ್ಕಾರದ ಸ್ಕಾಲರ್‌ಶಿಪ್ಪಿನ ಮೇಲೆ ರೋಮಿಗೆ ಓದಲು ಬಂದವರು. ಬಂದ ಹೊಸದರಲ್ಲಿ ಅವ್ವ ಫೋನಿನಲ್ಲಿ ಮೊದಲು ಕೇಳಿದ್ದು ಊಟದ ಮಾತಲ್ಲ. “ಅಲ್ಲಿ ನೀರು ಕುಡಿಯಕ್ಕೆ ಬಿಡ್ತಾರೇನ್ಲಾ ಮಗ?” ಅಂತ. ಬಿಡ್ತಾರೆ ಕಣವ್ವ. ಬೀದಿ ಬೀದಿಯಲ್ಲೂ ಕಬ್ಬಿಣದ ನಲ್ಲಿ ಐತೆ, ಹಗಲೂ ರಾತ್ರಿ ಸುರೀತಾ ಇರ್ತದೆ, ಯಾರು ಬೇಕಾದರೂ ಬೊಗಸೆ ಒಡ್ಡಬಹುದು, ಯಾರೂ ನೀನ್ಯಾರ ಪೈಕಿ ಅನ್ನಲ್ಲ ಅಂದೆವು. ಅವ್ವ ತುಸು ಹೊತ್ತು ಮಾತೇ ಆಡಲಿಲ್ಲ.

ಮಾರ್ಚ್ ತಿಂಗಳ ಒಂದು ಭಾನುವಾರ ಹೊರಟೆವು. ನೇಪಲ್ಸಿನ ಕಡೆಯ ರೈಲು ಹತ್ತಿ, ಫೋಂದಿ ಎಂಬ ಸ್ಟೇಷನ್ನಿನಲ್ಲಿಳಿದು, ಬಸ್ಸು ಹಿಡಿಯಬೇಕು. ದಾರಿಯಲ್ಲಿ ಲತೀನಾ ಪಟ್ಟಣ ಸಿಗುತ್ತದೆ. ಸುತ್ತ ಮಟ್ಟಸವಾದ ಬಯಲು. ಹಿಂದೆ ಇದೆಲ್ಲ ಜೌಗು. ಸೊಳ್ಳೆ, ಮಲೇರಿಯಾ. 1930ರ ದಶಕದಲ್ಲಿ ಮುಸೊಲಿನಿಯ ಸರ್ಕಾರ ನೀರು ಬಸಿದು ಇಲ್ಲಿ ಊರು ಕಟ್ಟಿಸಿತು. 1932ರಲ್ಲಿ ಲತೀನಾ ಉದ್ಘಾಟನೆಯಾದಾಗ ಅದರ ಹೆಸರು ಲಿತ್ತೋರಿಯಾ. 1934ರಲ್ಲಿ ಸಬೌದಿಯಾ ಎದ್ದಿತು. ಜೌಗು ಬಸಿದವನು ಮುಸೊಲಿನಿ ಎಂದೇ ಜನ ಇಂದಿಗೂ ಹೇಳುತ್ತಾರೆ. ಕೆಸರಿಗಿಳಿದು ಕಾಲುವೆ ತೋಡಿದವರು ಕೂಲಿಗಳು. ಜ್ವರದಲ್ಲಿ ಸತ್ತವರೂ ಕೂಲಿಗಳು.

ಈಗ ಆ ಬಯಲಿನಲ್ಲಿ ಎಲ್ಲಿ ನೋಡಿದರೂ ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆಗಳು. ಟೊಮೆಟೊ, ಕಲ್ಲಂಗಡಿ, ಕಿವಿ ಹಣ್ಣು. ಸ್ಪೆರ್ಲೋಂಗಾದ ಹೆಸರಿನಲ್ಲೇ ಒಂದು ಬಿಳೀ ಸೆಲರಿ ಸೊಪ್ಪು ಇದೆ. 2010ರಲ್ಲಿ ಯುರೋಪಿನ ಒಕ್ಕೂಟ ಅದಕ್ಕೆ ಭೌಗೋಳಿಕ ಗುರುತು ಕೊಟ್ಟಿತು, ನಮ್ಮ ನಂಜನಗೂಡು ರಸಬಾಳೆಗೆ ಇರುವ ಹಾಗೆ. ಸೊಪ್ಪಿಗೆ ಹುಟ್ಟಿದ ಊರಿನ ಹೆಸರು ಸಿಕ್ಕಿತು. ಆ ಬಯಲಿನಲ್ಲಿ ಬಗ್ಗಿ ದುಡಿಯುವವರಲ್ಲಿ ಬಹಳ ಜನ ನಮ್ಮ ದೇಶದ ಪಂಜಾಬಿನವರು. 1980ರ ದಶಕದಿಂದ ಇಲ್ಲಿಗೆ ಬರುತ್ತಿದ್ದಾರೆ.

ಊರು ನೋಡಿದೆವು. ಹತ್ತಿ ಇಳಿದು ಕಾಲು ಸೋತವು. ಓಣಿಗಳು ಇಷ್ಟು ಇಕ್ಕಟ್ಟಾಗಿ, ಸುತ್ತುಸುತ್ತಾಗಿ ಇರುವುದು ಕಡಲಿಂದ ಬಂದವರಿಗೆ ದಾರಿ ತಪ್ಪಲಿ ಅಂತಂತೆ. 1534ರಲ್ಲಿ ಬಾರ್ಬರೋಸಾ ಹಡಗಿನ ಪಡೆ ತಂದು ಈ ಊರನ್ನು ಸೂರೆ ಮಾಡಿದ. ಅವನ ಕಣ್ಣಿದ್ದದ್ದು ಪಕ್ಕದ ಫೋಂದಿಯ ಅರಮನೆಯ ಜೂಲಿಯಾ ಗೊನ್ಝಾಗಾ ಮೇಲೆ. ಆ ಕಾಲದಲ್ಲಿ ಚೆಲುವಿಗೆ ಹೆಸರಾದ ಹೆಂಗಸು. ಆಕೆ ರಾತ್ರೋರಾತ್ರಿ ತಪ್ಪಿಸಿಕೊಂಡಳು. ಇಲ್ಲಿ ಒಂದು ಕತೆ ಹೇಳುತ್ತಾರೆ. ಓಡಿಹೋಗುವಾಗ ಆಕೆಯ ಜೊತೆಗಿದ್ದು ಜೀವ ಉಳಿಸಿದವನು ಒಬ್ಬ ಆಳು. ಅರೆಬಟ್ಟೆಯಲ್ಲಿದ್ದ ಒಡತಿಯನ್ನು ಅವನು ಕಣ್ಣಾರೆ ಕಂಡುಬಿಟ್ಟ ಎಂದು ಆಮೇಲೆ ಅವನನ್ನೇ ಕೊಲ್ಲಿಸಿದರಂತೆ. ಕತೆಯೋ ನಿಜವೋ, ಹೇಳುವವರು ಒಡತಿಯ ಚೆಲುವನ್ನು ಬಣ್ಣಿಸಿ ಮುಂದೆ ಹೋಗುತ್ತಾರೆ. ಆಳು ಕತೆಯೊಳಗೇ ಸತ್ತು ಅಲ್ಲೇ ಬಿದ್ದಿರುತ್ತಾನೆ.

ಊರಿನಿಂದ ಕಡಲ ದಂಡೆ ಹಿಡಿದು ನಡೆದರೆ ಆ ಗುಹೆ. ರೋಮಿನ ಚಕ್ರವರ್ತಿ ಟಿಬೇರಿಯಸ್ ಇದನ್ನು ಊಟದ ಮನೆ ಮಾಡಿಕೊಂಡಿದ್ದ. ಗುಹೆಯೊಳಗೆ ಒಂದು ದುಂಡನೆಯ ಕೊಳ, ಹೊರಗೆ ಇನ್ನೊಂದು ಕೊಳ, ಅದರ ನಡುವೆ ದಿಬ್ಬದಂಥ ಕಟ್ಟೆ. ಅಲ್ಲಿ ಒರಗಿಕೊಂಡು ಉಣ್ಣುತ್ತಾ ಗುಹೆಯೊಳಗಿನ ಅಮೃತಶಿಲೆಯ ವಿಗ್ರಹಗಳನ್ನು ನೋಡುವುದು. ಒಂದು ಕಡೆ ಯೂಲಿಸಿಸ್ ಮತ್ತು ಅವನ ಕಡೆಯವರು ಒಕ್ಕಣ್ಣಿನ ರಾಕ್ಷಸ ಪಾಲಿಫೆಮಸ್ಸನ ಕಣ್ಣಿಗೆ ಗೂಟ ಚುಚ್ಚುತ್ತಿರುವುದು. ಇನ್ನೊಂದು ಕಡೆ ಸ್ಕಿಲ್ಲಾ ಎಂಬ ಕಡಲ ರಾಕ್ಷಸಿ ಹಡಗಿನಿಂದ ನಾವಿಕರನ್ನು ಕಿತ್ತು ತಿನ್ನುತ್ತಿರುವುದು. ಆ ಹಡಗಿನ ಕಲ್ಲಿನ ಮೇಲೆ ಮೂರು ಜನ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ. ರೋಡ್ಸ್ ದ್ವೀಪದ ಅಥಾನೊಡೋರಸ್, ಹಗೆಸಾಂಡರ್, ಪಾಲಿಡೋರಸ್. ಅದನ್ನು ಓದಿ ಖುಷಿಯಾಯಿತು. ಉಳಿ ಹಿಡಿದ ಕೈಗೂ ಒಂದು ಹೆಸರು ಉಳಿಯಿತಲ್ಲ ಅಂತ.

ಯೂಲಿಸಿಸ್ಸನ ಕತೆ ನೀವು ಕೇಳಿರಬಹುದು. ನಿನ್ನ ಹೆಸರೇನು ಎಂದು ರಾಕ್ಷಸ ಕೇಳಿದಾಗ ಅವನು ನನ್ನ ಹೆಸರು ‘ಯಾರೂ ಅಲ್ಲ’ ಎನ್ನುತ್ತಾನೆ. ಕಣ್ಣು ಹೋದ ರಾಕ್ಷಸ ‘ಯಾರೂ ಅಲ್ಲ’ ಹೊಡೆದ ಎಂದು ಕೂಗಿದರೆ ಯಾರೂ ನೆರವಿಗೆ ಬರುವುದಿಲ್ಲ. ಹಡಗು ದಡ ಬಿಟ್ಟ ಮೇಲೆ ಯೂಲಿಸಿಸ್ ತನ್ನ ನಿಜವಾದ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಕೂಗಿ ಹೇಳುತ್ತಾನೆ. ರಾಜನಿಗೆ ಹೆಸರಿಲ್ಲದಿರುವುದು ಒಂದು ವೇಷ. ಬೇಕಾದಾಗ ತೊಟ್ಟು ಬೇಡವಾದಾಗ ಬಿಚ್ಚಬಹುದು. ಸ್ಕಿಲ್ಲಾ ತಿಂದ ಆರು ಜನ ನಾವಿಕರಿಗೆ ಹೋಮರ್ ಹೆಸರೇ ಕೊಟ್ಟಿಲ್ಲ. ಅವರು ನಿಜಕ್ಕೂ ಯಾರೂ ಅಲ್ಲ.

ಇನ್ನು ನಾವು ಹೇಳಬೇಕೆಂದಿದ್ದ ಮಾತಿಗೆ ಬರುತ್ತೇವೆ. ಕ್ರಿಸ್ತಶಕ 26ರಲ್ಲಿ ಟಿಬೇರಿಯಸ್ ಇಲ್ಲಿ ಊಟಕ್ಕೆ ಕೂತಿದ್ದಾಗ ಗುಹೆಯ ಬಾಯಿಯ ಬಂಡೆಗಳು ಕಳಚಿ ಬಿದ್ದವು. ಎಲ್ಲರೂ ಎದ್ದು ಓಡಿದರು. ಸೆಜಾನಸ್ ಎಂಬ ಸೇನಾಧಿಕಾರಿ ಮಾತ್ರ ಚಕ್ರವರ್ತಿಯ ಮೇಲೆ ಮಂಡಿಯೂರಿ ಬಾಗಿ, ಬೀಳುವ ಕಲ್ಲಿಗೆ ತನ್ನ ಮೈಯೊಡ್ಡಿದ. ಅಂದಿನಿಂದ ಚಕ್ರವರ್ತಿಗೆ ಅವನ ಮೇಲೆ ಇನ್ನಿಲ್ಲದ ನಂಬಿಕೆ. (ಐದು ವರ್ಷದ ಮೇಲೆ, 31ರಲ್ಲಿ, ಅದೇ ಚಕ್ರವರ್ತಿಯ ಕಾಗದದಿಂದ ಅವನು ಹಿಡಿಯಲ್ಪಟ್ಟು ಸತ್ತ. ದೊಡ್ಡವರ ನೆರಳು ಅಂದರೆ ಅಷ್ಟೇ.) ಇದನ್ನು ಬರೆದವನು ಇತಿಹಾಸಕಾರ ಟ್ಯಾಸಿಟಸ್. ಸೆಜಾನಸ್ ಹೇಗೆ ಬಾಗಿದ, ಮಂಡಿ ಎಲ್ಲಿತ್ತು, ಮುಖ ಎಲ್ಲಿತ್ತು, ಎಲ್ಲ ಬರೆದಿದ್ದಾನೆ. ಕಲ್ಲಿನಡಿ ಸಿಕ್ಕಿ ಸತ್ತವರ ಬಗ್ಗೆ ಬರೆದದ್ದು ಕೆಲವರು ಸೇವಕರು ಎಂಬಷ್ಟೇ. ಆಮೇಲೆ ಬರೆದ ಸ್ವೆಟೋನಿಯಸ್ ಅತಿಥಿಗಳೂ ಸತ್ತರು ಎನ್ನುತ್ತಾನೆ. ಅವನಲ್ಲೂ ಆಳುಗಳಿಗೆ ಹೆಸರಿಲ್ಲ, ಲೆಕ್ಕವೂ ಇಲ್ಲ.

ಅವರ ಕೈಯಲ್ಲಿ ಏನಿತ್ತೋ. ಮೀನಿನ ತಟ್ಟೆಯೋ, ನೀರಿನ ಹೂಜಿಯೋ. ಬಂಡೆ ಕಳಚುವಾಗ ತಟ್ಟೆ ಎಸೆದು ಓಡಬೇಕೋ, ಒಡೆಯ ಎದ್ದ ಮೇಲೆ ಓಡಬೇಕೋ ಎಂದು ಒಂದು ಗಳಿಗೆ ನಿಂತರೋ ಏನೋ. ಆ ಒಂದು ಗಳಿಗೆ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು.

ನಮ್ಮ ಕೇರಿಯಲ್ಲಿ ಒಬ್ಬ ಹಿರಿಯನಿದ್ದ. ಊರ ಧಣಿಯ ತೋಟದಲ್ಲಿ ಜೀತಕ್ಕಿದ್ದವನು. ಬಾವಿ ತೋಡುವಾಗ ಮಣ್ಣು ಕುಸಿದು ಒಳಗೇ ಮುಚ್ಚಿಹೋದ. ಜೀತ ನಿಷೇಧದ ಕಾಯಿದೆ ಬಂದದ್ದು 1976ರಲ್ಲಿ. ಇದು ಅದಕ್ಕೂ ಮುಂಚಿನ ಮಾತು. ಬಾವಿ ಮುಗಿಯಿತು, ನೀರು ಬಂತು, ಧಣಿಯ ಹೆಸರಿನಲ್ಲೇ ಆ ಬಾವಿಯನ್ನು ಇಂದಿಗೂ ಕರೆಯುತ್ತಾರೆ. ಅವನ ಹೆಂಡತಿ ಮಕ್ಕಳು ಅದರ ನೀರಿಗೆ ಕೊಡ ಹಿಡಿದು ದೂರ ನಿಂತು ಕಾದರು, ಯಾರಾದರೂ ಎತ್ತಿ ಹೊಯ್ಯಲಿ ಅಂತ. ಗುಹೆಯ ಮುಂದೆ ನಿಂತಾಗ ನಮ್ಮಿಬ್ಬರಿಗೂ ಅದೇ ಬಾವಿ ನೆನಪಾಯಿತು.

ಈ ಊರಿನವರ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಆ ವಿಗ್ರಹಗಳು ಸಿಕ್ಕಿದ್ದು 1957ರಲ್ಲಿ, ಕಡಲಂಚಿನ ರಸ್ತೆ ಮಾಡುವಾಗ. ಪುಡಿಪುಡಿಯಾದ ಸಾವಿರಾರು ತುಂಡು. ಅವನ್ನು ರೋಮಿಗೆ ಸಾಗಿಸಲು ಹೊರಟರು. ಊರ ಜನ ಬಿಡಲಿಲ್ಲ. ದಾರಿಗೆ ಅಡ್ಡ ನಿಂತರು. ನಮ್ಮ ನೆಲದಲ್ಲಿ ಸಿಕ್ಕಿದ್ದು ನಮ್ಮಲ್ಲೇ ಇರಲಿ ಅಂದರು. ಅವರು ದೊಡ್ಡ ಓದಿದವರಲ್ಲ. ಬಲೆ ಬೀಸುವವರು, ಹೊಲ ಗೇಯುವವರು. ಕೊನೆಗೆ ಸರ್ಕಾರ ಬಗ್ಗಿತು. ಗುಹೆಯ ಪಕ್ಕದಲ್ಲೇ ಮ್ಯೂಸಿಯಂ ಕಟ್ಟಿ 1963ರಲ್ಲಿ ತೆರೆಯಿತು. ಟೋಪಿ ತೊಟ್ಟ ಯೂಲಿಸಿಸ್ಸನ ಗಡ್ಡದ ಮುಖ ನಾವು ಅಲ್ಲೇ ನೋಡಿದ್ದು. ಕಲ್ಲಿಗಾಗಿ ಜನ ಅಡ್ಡ ನಿಂತರೆ ಕಲ್ಲು ಉಳಿಯುತ್ತದೆ. ಮನುಷ್ಯನಿಗಾಗಿ ನಿಂತರೆ?

ಸಂಜೆ ಬಸ್ಸಿಗೆ ಕಾಯುತ್ತಿದ್ದೆವು. ಸೈಕಲ್ ತಳ್ಳಿಕೊಂಡು ಒಬ್ಬ ಬಂದ. ನಮ್ಮ ಬಣ್ಣ ನೋಡಿ ನಿಂತ.

“ಇಂಡಿಯಾ?” ಅಂದ.

“ಹೌದು ಭಾಯಿ.”

ಹಿಂದಿಯಲ್ಲಿ ಮಾತಿಗೆ ಬಿದ್ದೆವು. ಭಾನುವಾರವೂ ಅರ್ಧ ದಿನ ಕೆಲಸವಂತೆ. ಅಂಗೈ ಬಿರಿದ ಗದ್ದೆ ಹಾಗಿತ್ತು. ಕೂಲಿ ಎಷ್ಟು ಎಂದೆವು. “ಕಾಗದದ ಮೇಲೆ ಒಂದು, ಕೈಗೆ ಒಂದು” ಎಂದು ನಕ್ಕ. ಕೆಲಸ ಕೊಡುವವನನ್ನು ಏನೆಂದು ಕರೀತೀರಿ ಎಂದೆವು. “ಪದ್ರೋನೆ” ಅಂದ. ಪದ್ರೋನೆ ಅಂದರೆ ಒಡೆಯ. ಸಬೌದಿಯಾದ ಸಮಾಜಶಾಸ್ತ್ರಜ್ಞ ಮಾರ್ಕೋ ಒಮಿಝೋಲೋ ಈ ಕೂಲಿಗಳ ಜೊತೆ ತಾನೂ ಹೊಲದಲ್ಲಿ ದುಡಿದು ಬರೆದಿದ್ದಾರೆ. ಒಡೆಯ ಎದುರು ಬಂದರೆ ಹಿಂದೆ ಸರಿದು, ತಲೆ ತಗ್ಗಿಸಿ, ಪದ್ರೋನೆ ಅನ್ನಬೇಕಾಗಿತ್ತು ಎಂದು. ನಮ್ಮ ತಾತಂದಿರು ಟವೆಲ್ಲು ಕಂಕುಳಿಗೆ ಇಟ್ಟು “ಬುದ್ಧೀ” ಅನ್ನುತ್ತಿದ್ದ ಹಾಗೆ. ಭಾಷೆ ಬೇರೆ, ಬಾಗುವ ಬೆನ್ನು ಒಂದೇ.

“ನಿಮ್ಮ ಹೆಸರು?” ಅಂದ. ಹೇಳಿದೆವು.

“ಪೂರಾ ಹೆಸರು?”

ಮೈ ಬಿಗಿಯಾಯಿತು. ಈ ಪ್ರಶ್ನೆ ನಮಗೆ ಹೊಸದಲ್ಲ. ಸ್ಕೂಲು, ಹಾಸ್ಟೆಲ್ಲು, ಬಾಡಿಗೆ ಮನೆ, ಎಲ್ಲ ಕಡೆ ಕೇಳಿದ್ದಾರೆ. ಕೇಳುವುದು ಹೆಸರನ್ನಲ್ಲ. ಸುತ್ತಿ ಬಳಸುವುದು ಯಾಕೆ, “ಬಾಬಾಸಾಹೇಬರ ಕಡೆಯವರು ನಾವು” ಎಂದುಬಿಟ್ಟೆವು. ಅವನು ರಸ್ತೆಯ ಆ ಕಡೆ ಈ ಕಡೆ ನೋಡಿದ. ದನಿ ಇಳಿಸಿ ಹೇಳಿದ:

“ನಮ್ಮದು ರವಿದಾಸಿಯಾ. ರೂಮಿನವರಿಗೆ ಗೊತ್ತಿಲ್ಲ, ಹೇಳಿಲ್ಲ.”

ಒಂದೇ ಪ್ಲಾಸ್ಟಿಕ್ಕಿನಡಿ ಬೇಯುವವರು, ಒಬ್ಬನೇ ಪದ್ರೋನೆಗೆ ಬಾಗುವವರು. ಆದರೂ ರೂಮಿನಲ್ಲಿ ಹೆಸರು ಮುಚ್ಚಿಡಬೇಕು. ಜಾತಿ ಪಾಸ್‌ಪೋರ್ಟ್ ಇಲ್ಲದೆ ಗಡಿ ದಾಟುತ್ತದೆ ಗೆಳೆಯರೆ. ಹೆಸರಿಲ್ಲದಿರುವುದು ಒಂದು ಸಂಕಟ, ಹೆಸರು ಹೇಳುವುದು ಇನ್ನೊಂದು.

ಲತೀನಾದ ಹುಡುಗನ ಮಾತು ತೆಗೆದದ್ದೂ ಅವನೇ. ಸತ್ನಾಮ್ ಸಿಂಗ್. 31 ವರ್ಷ. 2024ರ ಜೂನ್ 17ರಂದು ಲತೀನಾ ಹತ್ತಿರದ ಹೊಲದಲ್ಲಿ ಯಂತ್ರಕ್ಕೆ ಸಿಕ್ಕಿ ಅವನ ತೋಳು ಕತ್ತರಿಸಿಹೋಯಿತು. ಕಾಗದಪತ್ರವಿಲ್ಲದ ಕೂಲಿ. ಆಸ್ಪತ್ರೆಗೆ ಒಯ್ಯುವ ಬದಲು ಅವನ ಮನೆಯ ಮುಂದೆ ಬಿಟ್ಟುಹೋದರು. ಕತ್ತರಿಸಿದ ತೋಳನ್ನು ಹಣ್ಣು ತುಂಬುವ ಕ್ರೇಟಿನಲ್ಲಿ ಇಟ್ಟಿದ್ದರು. ಎರಡು ದಿನಕ್ಕೆ, 19ರಂದು, ರೋಮಿನ ಆಸ್ಪತ್ರೆಯಲ್ಲಿ ಸತ್ತ. ಇದನ್ನು ಹೇಳುವಾಗ ಅವನು ತನ್ನ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದ.

ಎರಡು ಸಾವಿರ ವರ್ಷದ ಮೇಲೂ ಅದೇ ಸೀಮೆಯಲ್ಲಿ, ಉಣ್ಣುವವರ ತಟ್ಟೆ ತುಂಬಿಸುವವನು ಹೀಗೆ ಸತ್ತ. ಆದರೆ ಒಂದು ವ್ಯತ್ಯಾಸ ಉಂಟು. ಈ ಸಲ ಕೆಲವರು ಸೇವಕರು ಎಂದು ಬರೆದು ಮುಗಿಸಲು ಆಗಲಿಲ್ಲ. ಆ ಜೂನಿನಲ್ಲೇ ಸಾವಿರಾರು ಜನ ಲತೀನಾದ ಬೀದಿಗಿಳಿದರು. ದೇಶದ ಪ್ರಧಾನಿ ಸಂಸತ್ತಿನಲ್ಲಿ ಅವನ ಸಾವಿನ ಮಾತೆತ್ತಬೇಕಾಯಿತು. ಇದಕ್ಕೂ ಮುಂಚೆ, 2016ರ ಏಪ್ರಿಲ್ 18ರಂದು, ಇದೇ ಲತೀನಾದ ಚೌಕದಲ್ಲಿ ಸಾವಿರಾರು ಪಂಜಾಬಿ ಕೂಲಿಗಳು ಕೆಲಸ ನಿಲ್ಲಿಸಿ ಸೇರಿದ್ದರು. ಅದೇ ವರ್ಷದ ಕೊನೆಗೆ ಇಟಲಿ ಒಂದು ಕಾಯಿದೆ ತಂದಿತು. ಕೂಲಿಗಳನ್ನು ಹಿಂಡುವ ಮೇಸ್ತ್ರಿಗೆ ಮಾತ್ರವಲ್ಲ, ದುಡಿಸಿಕೊಳ್ಳುವ ಒಡೆಯನಿಗೂ ಶಿಕ್ಷೆ ಎಂದಿತು. ಕಾಯಿದೆ ಬಂದು ಏಳು ವರ್ಷ ದಾಟಿದ ಮೇಲೆ ಸತ್ನಾಮ್ ಸತ್ತ. 1976ರ ಕಾಯಿದೆ ಕಂಡ ನಮಗೆ ಇದು ಅಚ್ಚರಿಯಲ್ಲ. ಕಾಯಿದೆ ತಾನಾಗಿ ನಡೆಯುವುದಿಲ್ಲ, ಜನ ನಡೆದಷ್ಟು ದೂರ ಅದೂ ಬರುತ್ತದೆ.

ಬಸ್ಸು ಬಂತು. ಅವನು ಸೈಕಲ್ಲಿಗೆ ಕಾಲು ಹಾಕುತ್ತಾ “ಜೈ ಭೀಮ್” ಅಂದ. ಈ ಸಲ ಆ ಕಡೆ ಈ ಕಡೆ ನೋಡಲಿಲ್ಲ. ನಾವೂ ಅಂದೆವು.

ಗುಹೆಯಲ್ಲಿ ಸತ್ತವರ ಹೆಸರು ಇನ್ನು ಸಿಗಲಾರದು. ಟ್ಯಾಸಿಟಸ್ ಕೇಳಲಿಲ್ಲ, ಹೇಳುವವರೂ ಹೋದರು. ಆದರೆ ನಮ್ಮ ಕೇರಿಯ ಬಾವಿಯಲ್ಲಿ ಮುಚ್ಚಿಹೋದವನ ಹೆಸರು ಹೇಳುವ ಮುದುಕಿಯರು ಇನ್ನೂ ನಾಲ್ಕಾರು ಜನ ಇದ್ದಾರೆ. ಎಲ್ಲರಿಗೂ ಎಂಬತ್ತು ದಾಟಿದೆ. ಅವನು ಯಾರ ಮಗ, ಎಷ್ಟು ದುಡ್ಡಿಗೆ ಜೀತಕ್ಕೆ ಬಿದ್ದ, ಆ ದಿನ ಯಾವ ವಾರ, ಎಲ್ಲ ಅವರ ಬಾಯಲ್ಲಿದೆ. ಕೇರಿಯಲ್ಲಿ ಮೊದಲು ಅಕ್ಷರ ಕಲಿತವರು ನಾವು. ಅದನ್ನು ಬರೆದಿಡುವ ಕೆಲಸ ಬೇರೆ ಯಾರದೂ ಅಲ್ಲ. ಈ ರಜೆಗೆ ಊರಿಗೆ ಹೋದಾಗ ಅವರ ಜಗಲಿಯ ಮೇಲೆ ಕೂರುತ್ತೇವೆ. ನಿಮ್ಮ ಕೇರಿಯಲ್ಲೂ ಇಂಥ ಮುದುಕಿಯರಿದ್ದಾರೆ. ಹೋಗಿ ಕೂರಿ.